ಅಡ್ವಾನ್ಸ್ ಹಾಕುವ ಮುನ್ನ ಮೂಲ ದಾಖಲೆ ನೋಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಖಡಕ್ ರೊಟ್ಟಿ ಮಾಡಿ ಮಾರಿ ಸಂಸಾರ ನಡೆಸುವ ಹೆಣ್ಣುಮಕ್ಕಳು ಬಹಳ. ಅವರಲ್ಲೊಬ್ಬರು ರೊಟ್ಟಿ ಯಂತ್ರ ಕೊಳ್ಳಲು ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಹುಡುಕಿದರೆ ಗುಜರಾತಿನ ರಾಜಕೋಟದ್ದೊಂದು ಕಂಪನಿ ಸಿಗುತ್ತದೆ. ವಿಳಾಸ, ಫೋಟೊ, 'ವೆರಿಫೈಡ್' ಗುರುತು, '20 ವರ್ಷಗಳ ಅನುಭವ' ಎಲ್ಲವೂ ಇವೆ. ಅರ್ಧ ಹಣ ಇವತ್ತೇ ಹಾಕಿದರೆ ರಿಯಾಯಿತಿಯಂತೆ. "ನಾಲ್ಕೂವರಿ ಸ್ಟಾರ್ ಐತಲ್ರಿ, ಮತ್ತೇನ್ ನೋಡ್ತೀರಿ?" ಎಂದು ಪಕ್ಕದವರೂ ಅವಸರ ಮಾಡುತ್ತಾರೆ. ಸಾಲ ತೆಗೆದ ದುಡ್ಡು ಅದು. ಹಾಕುವ ಮುನ್ನ ಕಾಲು ಗಂಟೆ ತಡೆಯಿರಿ ಎಂದು ಕಳಕಳಿಯಿಂದ ಕೇಳುತ್ತೇನೆ.

ಪುಕ್ಕಟೆ ಸಿಗುವ ವ್ಯಾಪಾರಿ ಪಟ್ಟಿಗಳಲ್ಲಿ ಇರುವುದು ಬಹುಪಾಲು ವ್ಯಾಪಾರಿಯೇ ತನ್ನ ಬಗ್ಗೆ ಬರೆದುಕೊಂಡ ಮಾಹಿತಿ. ಅದು ಸುಳ್ಳಾದರೆ ಪಟ್ಟಿ ಹಾಕಿದವರನ್ನು ಹಿಡಿಯುವುದು ಕಷ್ಟ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಉಚಿತವಾಗಿ ಕೊಟ್ಟದ್ದು 'ಸೇವೆ'ಯೇ ಅಲ್ಲ; ಹಾಗಾಗಿ ಸೇವಾ ನ್ಯೂನತೆಯ ದೂರು ನಿಲ್ಲುವುದಿಲ್ಲ. ಬೇರೆಯವರು ಹಾಕಿದ ಮಾಹಿತಿಗೆ ಜಾಲತಾಣದವರು ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮಿನ ರಕ್ಷಣೆಯನ್ನೂ ಕೇಳಬಹುದು. ಇನ್ನೊಂದು ಕಡೆ, ಸರ್ಕಾರದ ಮೂಲ ದಾಖಲೆ ನೋಡುವ ದಾರಿಯನ್ನು ಕಾನೂನು ಎಲ್ಲರಿಗೂ ತೆರೆದಿಟ್ಟಿದೆ. ಅಲ್ಲಿಗೆ ಹೋಗುವವರು ಕಡಿಮೆ ಎಂಬುದೇ ನನಗಿರುವ ಬೇಸರ.

ಮೊದಲು ಜಿಎಸ್‌ಟಿ ಸಂಖ್ಯೆ ಕೇಳಿ. "ನಮಗೆ ಜಿಎಸ್‌ಟಿ ಅನ್ವಯಿಸುವುದಿಲ್ಲ" ಎಂದು ಗುಜರಾತಿನ ಯಂತ್ರ ಮಾರಾಟಗಾರ ಹೇಳಿದರೆ ಅಲ್ಲಿಗೇ ಮಾತು ಮುಗಿಸಿ; ಇಂಥ ಸರಕನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರುವವರಿಗೆ ವಹಿವಾಟು ಎಷ್ಟೇ ಚಿಕ್ಕದಿದ್ದರೂ ನೋಂದಣಿ ಕಡ್ಡಾಯ. ಸಂಖ್ಯೆಯಲ್ಲಿ 15 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಎರಡು ರಾಜ್ಯದವು: ಕರ್ನಾಟಕಕ್ಕೆ 29, ಗುಜರಾತಿಗೆ 24. ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಇಡೀ ಜಿಎಸ್‌ಟಿ ಸಂಖ್ಯೆಯಲ್ಲಿ ಎಡದಿಂದ ಆರನೆಯ ಅಕ್ಷರ 'ಸಿ' ಇದ್ದರೆ ಕಂಪನಿ, 'ಎಫ್' ಇದ್ದರೆ ಪಾಲುದಾರಿಕೆ, 'ಪಿ' ಇದ್ದರೆ ಒಬ್ಬ ವ್ಯಕ್ತಿ. ಫಲಕದಲ್ಲಿ 'ಪ್ರೈವೇಟ್ ಲಿಮಿಟೆಡ್' ಎಂದಿದ್ದು ಆರನೆಯ ಅಕ್ಷರ 'ಪಿ' ಆಗಿದ್ದರೆ ವಿವರಣೆ ಕೇಳಲೇಬೇಕು. ಬಳಿಕ ಜಿಎಸ್‌ಟಿಯ ಸರ್ಕಾರಿ ಪೋರ್ಟಲ್‌ನಲ್ಲಿ 'ಸರ್ಚ್ ಟ್ಯಾಕ್ಸ್‌ಪೇಯರ್' ಒತ್ತಿ ಆ ಸಂಖ್ಯೆ ಹಾಕಿ; ಲಾಗಿನ್ ಬೇಡ, ಶುಲ್ಕವಿಲ್ಲ. ಕಾನೂನುಬದ್ಧ ಹೆಸರು, ನೋಂದಣಿ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಕಾಣುತ್ತದೆ. ರಿಟರ್ನ್ ಸಲ್ಲಿಸಿದ ತಿಂಗಳುಗಳನ್ನೂ ತಪ್ಪದೆ ನೋಡಿ. ಜಿಎಸ್‌ಟಿ ಜಾರಿಯಾದದ್ದು 2017ರ ಜುಲೈ 1ರಂದು. ಹಳೆಯ ವ್ಯಾಪಾರಿಗಳಲ್ಲಿ ಬಹಳ ಜನರ ನೋಂದಣಿಗೆ ಅದೇ ದಿನಾಂಕವಿದೆ. 20 ವರ್ಷ ಎಂದವರ ನೋಂದಣಿ ಮೂರು ತಿಂಗಳ ಹಿಂದಿನದಾದರೆ ಕಾರಣ ಕೇಳಿ. ಹಣ ಹಾಕಬೇಕಾದ ಖಾತೆಯ ಹೆಸರೂ ಈ ಕಾನೂನುಬದ್ಧ ಹೆಸರೂ ಒಂದೇ ಇರಬೇಕು.

ಕಂಪನಿಯಾಗಿದ್ದರೆ ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲ್‌ನಲ್ಲಿ ಅದರ ಮೂಲ ವಿವರ ಸಿಗುತ್ತದೆ. ರಿಜಿಸ್ಟ್ರಾರ್ ಬಳಿಯ ದಾಖಲೆಗಳನ್ನು ನಿಗದಿತ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು ಎನ್ನುತ್ತದೆ ಕಂಪನಿ ಕಾಯ್ದೆ, 2013ರ 399ನೇ ಕಲಮು. ಪಾಲುದಾರಿಕೆ ಸಂಸ್ಥೆಗಳ ರಿಜಿಸ್ಟರ್‌ಗೆ 1932ರ ಪಾಲುದಾರಿಕೆ ಕಾಯ್ದೆಯ 66ನೇ ಕಲಮು ಇದೇ ಅವಕಾಶ ಕೊಡುತ್ತದೆ. ಸಣ್ಣ ಉದ್ಯಮಗಳ ನೋಂದಣಿಗೆ ಕೊಡುವ ಉದ್ಯಮ್ ಪ್ರಮಾಣಪತ್ರವನ್ನು ಮಾತ್ರ ಅತಿಯಾಗಿ ನಂಬಬೇಡಿ. ಅದು ಸ್ವಯಂ ಘೋಷಣೆಯ ಮೇಲೆ ಸಿಗುವಂಥದ್ದು.  ಇವೆಲ್ಲ ಸರಿಯಿದ್ದ ಮಾತ್ರಕ್ಕೆ ಯಂತ್ರ ಚೆನ್ನಾಗಿರುತ್ತದೆ ಎಂದಲ್ಲ. ಎದುರಿನವರು ಯಾರು, ನಾಳೆ ನೋಟಿಸು ಯಾರ ಹೆಸರಿಗೆ ಕಳಿಸಬೇಕು ಎಂಬುದು ತಿಳಿಯುತ್ತದೆ, ಅಷ್ಟೆ. ಅದೇ ದೊಡ್ಡದು.

ಮೋಸವಾಯಿತು ಎಂದು ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೂ ಖಾತೆಯಿಂದ ಖಾತೆಗೆ ಹೋಗುತ್ತಿರುವಾಗಲೇ ತಡೆಯುವ ಸಾಧ್ಯತೆ ಇರುತ್ತದೆ. ನಾಚಿಕೆಪಟ್ಟು ಕೂತರೆ ಅದು ಕೈತಪ್ಪುತ್ತದೆ. ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸ್ಆ್ಯಪ್ ಮಾತುಕತೆ, ಪಾವತಿ ರಸೀದಿ ಉಳಿಸಿಕೊಳ್ಳಿ. ಮೊಬೈಲನ್ನು ಮಾರುವುದಾಗಲಿ ಫಾರ್ಮ್ಯಾಟ್ ಮಾಡುವುದಾಗಲಿ ಬೇಡ, ಏಕೆಂದರೆ ಸ್ಕ್ರೀನ್‌ಶಾಟನ್ನು ಸಾಕ್ಷ್ಯವಾಗಿ ಕೊಡುವಾಗ ಆ ಮೊಬೈಲಿನ ವಿವರವಿರುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ.

ವ್ಯಾಪಾರಕ್ಕೆ ಕೊಂಡ ಯಂತ್ರಕ್ಕೆ ಗ್ರಾಹಕ ಆಯೋಗದಲ್ಲಿ ಜಾಗವಿಲ್ಲ ಎಂದು ಬಹಳ ಜನ ಸುಮ್ಮನಾಗುತ್ತಾರೆ. ಆದರೆ ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡು ನಡೆಸಲೆಂದೇ ಕೊಂಡವರು ಗ್ರಾಹಕರೇ ಎಂದು ಕಾಯ್ದೆ ಹೇಳುತ್ತದೆ. ಮಾರಾಟಗಾರ ರಾಜಕೋಟದಲ್ಲಿದ್ದರೂ ಇಲ್ಲಿ ವಾಸಿಸುವವರು ಧಾರವಾಡದ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ದೂರು ಕೊಡಲು ಇರುವ ಅವಧಿ ಎರಡು ವರ್ಷ. ಇ-ಕಾಮರ್ಸ್ ತಾಣದಲ್ಲೇ ಖರೀದಿ ನಡೆದಿದ್ದರೆ, 2020ರ ಇ-ಕಾಮರ್ಸ್ ನಿಯಮಗಳಂತೆ ಮಾರಾಟಗಾರನ ಪೂರ್ಣ ವಿಳಾಸವನ್ನು ಲಿಖಿತವಾಗಿ ಕೇಳಿ ಪಡೆಯುವ ಹಕ್ಕು ನಿಮ್ಮದು. ಮಹಿಳೆಯರು ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು, ಸಹಾಯವಾಣಿ 15100.

ಮೋಸದ ದೂರು ಕೊಡಲು ಹೋದಾಗ ಪೊಲೀಸ್ ಠಾಣೆಯಲ್ಲಿ "ಇದು ನಮ್ಮ ಹದ್ದಿನದಲ್ಲ" ಎಂದು ವಾಪಸ್ ಕಳಿಸಿದರೆ ಒಪ್ಪಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತ. ಆಗಲೂ ದಾಖಲಿಸದಿದ್ದರೆ ಅದೇ ದೂರನ್ನು ಹುಬ್ಬಳ್ಳಿ ನವನಗರದ ಪೊಲೀಸ್ ಕಮಿಷನರ್ ಕಚೇರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮುಂದೆ ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕಾಗಿ ಬಂದಾಗ ಆ ರಸೀದಿಯನ್ನೇ ಮೊದಲು ಕೇಳುತ್ತಾರೆ.