ಬೆಳವಣಿಗೆಯ ಹಾರ್ಮೋನಿನ ರಕ್ತಪರೀಕ್ಷೆ

ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯದ ಮಗುವನ್ನು ಕರೆದುಕೊಂಡು ಬೀದರ್, ಕಲಬುರಗಿ, ರಾಯಚೂರು ಕಡೆಗಳಿಂದ ಹೈದರಾಬಾದಿಗೆ ಬರುವ ಕುಟುಂಬಗಳುಂಟು. ಕೆಲವರು ವೈದ್ಯರನ್ನು ಕಾಣುವ ಮೊದಲೇ ರಕ್ತಪರೀಕ್ಷೆ ಮಾಡಿಸಿ, ವರದಿಯಲ್ಲಿ ಸೊನ್ನೆಗೆ ಸಮೀಪದ ಅಂಕಿಯನ್ನು ಕಂಡು ಎದೆಗುಂದುತ್ತಾರೆ. ಆ ಒಂದು ಅಂಕಿಯಿಂದ ಹಾರ್ಮೋನಿನ ಕೊರತೆಯಿದೆಯೆಂದು ತೀರ್ಮಾನಿಸುವುದು ಸರಿಯಲ್ಲ.

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಈ ಹಾರ್ಮೋನನ್ನು ಸತತವಾಗಿ ಸ್ರವಿಸುವುದಿಲ್ಲ; ಅಲೆಅಲೆಯಾಗಿ, ಮುಖ್ಯವಾಗಿ ಗಾಢನಿದ್ರೆಯಲ್ಲಿ ಸ್ರವಿಸುತ್ತದೆ. ಎರಡು ಅಲೆಗಳ ನಡುವೆ ಆರೋಗ್ಯವಂತ ಮಗುವಿನ ರಕ್ತದಲ್ಲಿಯೂ ಅದು ಇಲ್ಲವೆನ್ನುವಷ್ಟು ಕಡಿಮೆ. ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುವಾಗ ಪಾದಚಾರಿ ಮಾರ್ಗದ ಮೇಲೆ ಹಳೆಯ ಪುಸ್ತಕಗಳ ಸಂತೆ ನೆರೆಯುತ್ತದೆ. ಸೋಮವಾರ ಅಲ್ಲಿಗೆ ಹೋದವನು ಸಂತೆಯೇ ಇಲ್ಲವೆಂದರೆ ಹೇಗೋ, ಹಗಲಿನ ಒಂದೇ ಮಾದರಿಯನ್ನು ನೋಡಿ ಕೊರತೆಯನ್ನು ಸಾರುವುದೂ ಹಾಗೆಯೇ. (ನವಜಾತ ಶಿಶುವಿನ ಮಾತು ಬೇರೆ.)

ಆದುದರಿಂದ ವೈದ್ಯರು ಗ್ರಂಥಿಯನ್ನು ಪ್ರಚೋದಿಸಿ ಪರೀಕ್ಷಿಸುತ್ತಾರೆ. ರಾತ್ರಿಯಿಡೀ ಉಪವಾಸವಿದ್ದ ಮಗುವಿಗೆ ಬೆಳಿಗ್ಗೆ ಕ್ಲೋನಿಡಿನ್ ಮಾತ್ರೆಯನ್ನು ನೀಡಿ, ಸುಮಾರು ಎರಡು ಗಂಟೆಗಳ ಕಾಲ ಅರ್ಧ ಗಂಟೆಗೊಮ್ಮೆ ರಕ್ತದ ಮಾದರಿ ತೆಗೆಯುವುದು ಒಂದು ರೂಢಿ. ಕೈಯಲ್ಲಿ ಒಮ್ಮೆ ಇರಿಸಿದ ಸಣ್ಣ ಕೊಳವೆಯಿಂದಲೇ ಎಲ್ಲ ಮಾದರಿಗಳನ್ನು ಪಡೆಯಬಹುದಾದ್ದರಿಂದ ಮಗುವಿಗೆ ಪದೇ ಪದೇ ಚುಚ್ಚಬೇಕಾಗಿಲ್ಲ. ಇವುಗಳಲ್ಲಿನ ಅತ್ಯಧಿಕ ಅಂಕಿಯೇ ಮುಖ್ಯ. ಅದು ಮಿಲಿಲೀಟರಿಗೆ 10 ನ್ಯಾನೊಗ್ರಾಂ ದಾಟಿದರೆ ಸಾಕೆಂಬುದು ಬಹುಕಾಲದ ಮಾನದಂಡ. ಇಂದಿನ ಪರೀಕ್ಷಾ ವಿಧಾನಗಳಲ್ಲಿ 7 ಅನ್ನು ಮಿತಿಯಾಗಿ ಒಪ್ಪುವವರೂ ಇದ್ದಾರೆ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಅಂಕಿಗಳು ವ್ಯತ್ಯಾಸವಾಗುತ್ತವೆ. ಬೊಜ್ಜಿರುವ ಮಕ್ಕಳಲ್ಲಿ ಕೊರತೆಯಿಲ್ಲದೆಯೂ ಉತ್ತರ ಕುಗ್ಗಬಹುದು. ಈ ಕಾರಣಗಳಿಂದ ಸಾಮಾನ್ಯವಾಗಿ ಎರಡು ಬಗೆಯ ಪ್ರಚೋದನಾ ಪರೀಕ್ಷೆಗಳಲ್ಲಿಯೂ ಅಂಕಿ ಏರದಿದ್ದಾಗ ಮಾತ್ರ ಕೊರತೆಯೆಂದು ನಿರ್ಣಯಿಸುತ್ತಾರೆ. ಇನ್ಸುಲಿನ್ ಕೊಟ್ಟು ಮಾಡುವ ಪರೀಕ್ಷೆಯಲ್ಲಿ ರಕ್ತದ ಸಕ್ಕರೆ ಇಳಿಯುವುದರಿಂದ ಅದನ್ನು ವೈದ್ಯರ ಕಣ್ಗಾವಲಿನಲ್ಲಿ ಆಸ್ಪತ್ರೆಯಲ್ಲಿಯೇ ಮಾಡತಕ್ಕದ್ದು.

ಐಜಿಎಫ್-1 ಎಂಬ ವಸ್ತುವಿನ ಪ್ರಮಾಣ ದಿನವಿಡೀ ಹೆಚ್ಚು ಏರಿಳಿಯದು. ಅದಕ್ಕೆ ಒಂದು ಮಾದರಿ ಸಾಕು. ಆದರೆ ಅಪೌಷ್ಟಿಕತೆಯಿಂದಲೂ ಅದು ಕುಗ್ಗುತ್ತದೆ. ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ. ಆಹಾರದ ಕೊರತೆ, ರಕ್ತಹೀನತೆ, ಥೈರಾಯಿಡ್ ನ್ಯೂನತೆ, ಗೋಧಿ ಒಗ್ಗದಿರುವಿಕೆ, ಹೆಣ್ಣುಮಕ್ಕಳಲ್ಲಿ ಟರ್ನರ್ ಲಕ್ಷಣಕೂಟ, ಇವನ್ನೆಲ್ಲ ಮೊದಲು ಪರಿಶೀಲಿಸಬೇಕು. ತಂದೆತಾಯಿಗಳೇ ಗಿಡ್ಡವಾಗಿದ್ದರೆ ಮಗುವಿನ ಎತ್ತರ ರೋಗವೇ ಆಗಿರಬೇಕೆಂದಿಲ್ಲ.

ಹಾಗೆಂದು ವಿಳಂಬವೂ ಸಲ್ಲದು. ಮೂಳೆಗಳ ಬೆಳೆಯುವ ತುದಿಗಳು ಮುಚ್ಚಿಕೊಂಡ ಮೇಲೆ ಹಾರ್ಮೋನಿನ ಚುಚ್ಚುಮದ್ದಿನಿಂದ ಎತ್ತರ ಹೆಚ್ಚದು. ಈ ಚುಚ್ಚುಮದ್ದು ದುಬಾರಿ, ವರ್ಷಗಟ್ಟಲೆ ಮುಂದುವರಿಯುವಂತಹುದು. ತಪ್ಪು ನಿರ್ಣಯವಾದರೆ ನಷ್ಟ ಹಣದ್ದಷ್ಟೇ ಅಲ್ಲ, ನಿಜವಾದ ಕಾರಣವೂ ಮರೆಯಾಗಿ ಉಳಿಯುತ್ತದೆ.

ನಾಲ್ಕು ವರ್ಷ ದಾಟಿದ ಮಗು, ಪ್ರಾಯಕ್ಕೆ ಬರುವ ಮುನ್ನ, ವರ್ಷಕ್ಕೆ 5 ಸೆಂಟಿಮೀಟರಿಗಿಂತ ಕಡಿಮೆ ಬೆಳೆಯುತ್ತಿದ್ದರೆ ತೋರಿಸುವುದು ಒಳಿತು. ಶಾಲೆಯಲ್ಲಿ ಅಳೆದ ಎತ್ತರದ ದಾಖಲೆಗಳಿದ್ದರೆ ಜೊತೆಗೆ ಒಯ್ಯಬೇಕು. ಉಸ್ಮಾನಿಯಾ ಸಾರ್ವಜನಿಕ ಆಸ್ಪತ್ರೆಯಂತೆ ನಿರ್ನಾಳ ಗ್ರಂಥಿಗಳ ವಿಭಾಗವಿರುವ ಆಸ್ಪತ್ರೆಗಳಲ್ಲಿ ತಜ್ಞರ ಸಲಹೆ ಪಡೆಯಬಹುದು. ಕ್ಲೋನಿಡಿನ್ ಮಾತ್ರೆಯಿಂದ ರಕ್ತದೊತ್ತಡ ಇಳಿದು ಮಂಪರು ಕವಿಯುವುದುಂಟು. ಪರೀಕ್ಷೆ ಮುಗಿದೊಡನೆ ಮಗುವನ್ನು ಬಸ್ಸಿಗೆ ಹತ್ತಿಸದೆ, ಮಲಗಿಸಿ, ಉಣಿಸಿ, ವೈದ್ಯರು ಅನುಮತಿಸಿದ ಬಳಿಕವೇ ಊರಿಗೆ ಹೊರಡಬೇಕು.