ಬಸ್ಸು ಯಾಕೆ ಯಾವಾಗ್ಲೂ ಲೇಟು? ಸರಾಸರಿ ಬಗ್ಗೆ ಒಂದು ಪಾಠ

ಹತ್ತು ನಿಮಿಷಕ್ಕೊಂದು ಬಸ್ಸು ಇದೆ ಅನ್ನೋ ರೂಟಿನಲ್ಲಿ ನಾವು ಸರಾಸರಿ ಎಷ್ಟು ಹೊತ್ತು ಕಾಯಬೇಕು? ಐದು ನಿಮಿಷ ಅಂತ ಥಟ್ಟನೆ ಉತ್ತರ ಬರುತ್ತೆ. ಒಮ್ಮೊಮ್ಮೆ ಬಸ್ಸು ಎದುರಿಗೇ ಸಿಗುತ್ತೆ, ಒಮ್ಮೊಮ್ಮೆ ಆಗಷ್ಟೇ ಹೋಗಿರುತ್ತೆ, ಎರಡರ ನಡುವೆ ಐದು. ಆದರೆ ಸ್ಟಾಪಿನಲ್ಲಿ ನಿಂತವರನ್ನ ಕೇಳಿ ನೋಡಿ, ಐದೇ ನಿಮಿಷಕ್ಕೆ ಬಸ್ಸು ಸಿಗುತ್ತೆ ಅನ್ನೋರು ಹುಡುಕಿದರೂ ಸಿಗಲ್ಲ. ಹಣೆಬರಹದ ಮೇಲೆ ಹಾಕೋ ಮೊದಲು ಒಂದು ಲೆಕ್ಕ ಮಾಡೋಣ.

ಬಸ್ಸುಗಳು ಡಿಪೋದಿಂದ ಸರಿಯಾಗಿ 10 ನಿಮಿಷದ ಅಂತರದಲ್ಲೇ ಹೊರಟವು ಅಂದುಕೊಳ್ಳಿ. ದಾರಿಯಲ್ಲಿ ಒಂದು ಬಸ್ಸು ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಅದು ತಡವಾದಷ್ಟೂ ಮುಂದಿನ ಸ್ಟಾಪಿನಲ್ಲಿ ಜನ ಜಾಸ್ತಿ ಸೇರಿರ್ತಾರೆ, ಅವರನ್ನು ಹತ್ತಿಸಿಕೊಳ್ಳೋಕೆ ಇನ್ನಷ್ಟು ತಡ. ಹಿಂದೆ ಬರುವ ಬಸ್ಸಿಗೆ ಹತ್ತೋರೇ ಇಲ್ಲ, ಖಾಲಿ ಓಡಿ ಬಂದು ಮುಂದಿನದರ ಬಾಲ ಹಿಡಿಯುತ್ತೆ. ಎಷ್ಟು ಹೊತ್ತಾದರೂ ಬರದ ಬಸ್ಸು ಕೊನೆಗೆ ಜೋಡಿಯಾಗಿ ಬರೋದು ಇದಕ್ಕೇ.

ಈಗ ಅಂತರಗಳು 2, 18, 2, 18 ನಿಮಿಷ ಅಂತ ಇಟ್ಟುಕೊಳ್ಳಿ. ಸರಾಸರಿ ಅಂತರ ಈಗಲೂ 10. ರಿಜಿಸ್ಟರ್ ಪ್ರಕಾರ ಎಲ್ಲ ಸರಿಯಾಗೇ ಇದೆ. ನೀವು ಗಡಿಯಾರ ನೋಡದೆ ಯಾವುದೋ ಹೊತ್ತಿಗೆ ಸ್ಟಾಪಿಗೆ ಬರ್ತೀರಿ. ಪ್ರತಿ 20 ನಿಮಿಷದಲ್ಲಿ 18 ನಿಮಿಷ ಆ ದೊಡ್ಡ ಅಂತರದ ಪಾಲು, ಹಾಗಾಗಿ ನೀವು ಅದರೊಳಗೆ ಬಂದು ಬೀಳುವ ಸಂಭವನೀಯತೆ 0.9. ಬಿದ್ದರೆ ಸರಾಸರಿ 9 ನಿಮಿಷ ಕಾಯಬೇಕು. ಉಳಿದ 0.1 ಅದೃಷ್ಟ ಕೈ ಹಿಡಿದರೆ 1 ನಿಮಿಷ. 0.9 × 9 + 0.1 × 1 = 8.2. ಐದಲ್ಲ, ಎಂಟು ಚಿಲ್ಲರೆ.

ಡಿಪೋದವರು ಹೇಳಿದ ಹತ್ತೂ ನಿಜ, ನೀವು ಕಾಯ್ದ ಎಂಟೂ ನಿಜ. ಅವರು ಲೆಕ್ಕ ಹಾಕಿದ್ದು ಅಂತರಗಳನ್ನ, ಪ್ರತಿ ಅಂತರಕ್ಕೂ ಒಂದೇ ಓಟು. ನೀವು ನಿಂತಿರೋದು ನಿಮಿಷಗಳ ಮೇಲೆ, ಅಲ್ಲಿ ಉದ್ದದ ಅಂತರಕ್ಕೆ 18 ಓಟು, ಗಿಡ್ಡದಕ್ಕೆ 2. ಇದಕ್ಕೆ ಇನ್‌ಸ್ಪೆಕ್ಷನ್ ಪ್ಯಾರಡಾಕ್ಸ್ ಅಂತ ಹೆಸರಿದೆ.

ಪರೀಕ್ಷೆಗೋಸ್ಕರ ಉರು ಹೊಡೆಯೋ ಮಾನಕ ವಿಚಲನೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ನಿಜವಾಗಿ ಕೆಲಸಕ್ಕೆ ಬರೋದು ಇಲ್ಲೇ. ಸರಾಸರಿ ಕಾಯುವಿಕೆಯ ಸೂತ್ರ ಹೀಗಿದೆ: ವಿಚಲನೆಯನ್ನು ಸರಾಸರಿ ಅಂತರದಿಂದ ಭಾಗಿಸಿ, ವರ್ಗ ಮಾಡಿ, 1 ಕೂಡಿಸಿ, ಬಂದದ್ದನ್ನು ಸರಾಸರಿ ಅಂತರದ ಅರ್ಧದಿಂದ ಗುಣಿಸಿ. ನಮ್ಮ ಉದಾಹರಣೆಯಲ್ಲಿ ವಿಚಲನೆ 8. 0.8ರ ವರ್ಗ 0.64, ಅದಕ್ಕೆ 1 ಕೂಡಿಸಿದರೆ 1.64, ಐದರಿಂದ ಗುಣಿಸಿದರೆ ಮತ್ತೆ 8.2. ವಿಚಲನೆ ಸೊನ್ನೆಯಾದರೆ ಮಾತ್ರ ನಾವು ಮೊದಲು ಹೇಳಿದ ಐದು ನಿಮಿಷ. ಬಸ್ಸುಗಳು ಪಾಯ್ಸನ್ ಪ್ರಕಾರ ಮನಸ್ಸಿಗೆ ಬಂದ ಹಾಗೆ ಬಂದರೆ ವಿಚಲನೆಯೂ 10, ಕಾಯೋದೂ 10. ಆಗ ಬಸ್ಸು ಈಗಷ್ಟೇ ಹೋಗಿದ್ದರೂ ಒಂದೇ, ಹೋಗಿ ಕಾಲು ಗಂಟೆ ಆಗಿದ್ದರೂ ಒಂದೇ, ಇನ್ನೂ ಸರಾಸರಿ 10 ನಿಮಿಷ ಕಾಯಬೇಕು. ಇದನ್ನ ನಂಬೋಕೆ ನನಗೆ ಈಗಲೂ ಕಷ್ಟ, ಆದರೆ ಗಣಿತ ಗಟ್ಟಿಯಾಗಿದೆ. ಇನ್ನೊಂದು ವಿಷಯ ಗಮನಿಸಿ: ಒಂದೂ ಹೊಸ ಬಸ್ಸು ತರದೆ, ಅಂತರ ಸಮ ಮಾಡಿದರೆ ಸಾಕು, ಕಾಯುವಿಕೆ 8.2ರಿಂದ 5ಕ್ಕೆ ಇಳಿಯುತ್ತೆ.

ಇದೇ ಆಟ ಕ್ಲಾಸ್‌ರೂಮಿನಲ್ಲೂ ನಡೆಯುತ್ತೆ. ಮೂರು ಎಲೆಕ್ಟಿವ್‌ಗಳಲ್ಲಿ 100, 10, 10 ಜನ ಇದ್ದರೆ ಕಾಲೇಜಿನ ಸರಾಸರಿ 40. ಅದೇ 120 ಜನರನ್ನ ಒಬ್ಬೊಬ್ಬರಾಗಿ ‘ನಿಮ್ಮ ಕ್ಲಾಸಲ್ಲಿ ಎಷ್ಟು ಜನ’ ಅಂತ ಕೇಳಿ ಸರಾಸರಿ ತೆಗೆದರೆ 85. ಬ್ರೋಷರ್ ಸುಳ್ಳು ಹೇಳಿಲ್ಲ, ಕಿಕ್ಕಿರಿದು ಕೂತ ನಾವೂ ಸುಳ್ಳು ಹೇಳ್ತಿಲ್ಲ.

ಈ ಓಟಿನ ವಿಷಯವನ್ನ ಗಂಭೀರವಾಗಿ ಹಿಡಿದವರಲ್ಲಿ ಒಬ್ಬರು ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್. ಕ್ರಾಮರ್-ರಾವ್ ಮಿತಿಯ ಆ ರಾವ್ ಅವರೇ. ಸ್ಯಾಂಪಲ್ಲು ನಮ್ಮ ಕೈಗೆ ಸಿಕ್ಕ ರೀತಿಯೇ ಅದನ್ನು ಹೇಗೆ ಓರೆ ಮಾಡುತ್ತೆ ಅನ್ನೋದರ ಮೇಲೆ ಅವರು 1965ರಲ್ಲಿ ಪ್ರಬಂಧ ಬರೆದರು. ಆಮೇಲೆ ಹೋದಲ್ಲೆಲ್ಲ ಹುಡುಗರನ್ನ ಕೇಳೋರು: ನಿನ್ನನ್ನೂ ಸೇರಿಸಿ ಮನೆಯಲ್ಲಿ ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು? ಒಟ್ಟು ಮಾಡಿದರೆ ಗಂಡುಮಕ್ಕಳೇ ಜಾಸ್ತಿ. ಬರೀ ಹೆಣ್ಣುಮಕ್ಕಳಿರುವ ಮನೆ ಈ ಲೆಕ್ಕಕ್ಕೆ ಬರೋದೇ ಇಲ್ಲವಲ್ಲ! ಉತ್ತರ ಕೊಟ್ಟ ಹುಡುಗರ ಸಂಖ್ಯೆಯನ್ನ ಕಳೆದರೆ ಎರಡೂ ಕಡೆ ಹತ್ತಿರ ಹತ್ತಿರ ಸಮ ಬರಬೇಕು. ಬಾಯ್ಸ್ ಹಾಸ್ಟೆಲ್ ಮೆಸ್ಸಿನಲ್ಲಿ ಒಂದು ರಾತ್ರಿ ಊಟದ ಹೊತ್ತಿಗೆ ಮಾಡಿ ಮುಗಿಸಬಹುದಾದ ಪ್ರಯೋಗ. ಅಣ್ಣತಮ್ಮ ಇಬ್ಬರೂ ಅಲ್ಲೇ ಇದ್ದರೆ ಒಬ್ಬರನ್ನಷ್ಟೇ ಕೇಳಿ.

ಬಸ್ಸಿನಲ್ಲಿ ಹೋಗೋದು ಮೂರು ನಿಮಿಷ. ಇದೇ ಗೊಂದಲ ಪ್ಲೇಸ್‌ಮೆಂಟ್ ಬ್ಯಾನರಿನಲ್ಲಿ ಬಂದರೆ ಹೋಗೋದು ಅಪ್ಪನ ಸಾಲ.

ಲೆಕ್ಕಕ್ಕೆ ಒಂದು ಪುಟ್ಟ ಕ್ಲಾಸು ಕಲ್ಪಿಸಿಕೊಳ್ಳಿ, 25 ಜನ. ಕೆಲಸ ಸಿಕ್ಕಿದ್ದು 10 ಜನಕ್ಕೆ. ಒಂಬತ್ತು ಮಂದಿಗೆ ವರ್ಷಕ್ಕೆ 4 ಲಕ್ಷ, ಒಬ್ಬಳಿಗೆ 44 ಲಕ್ಷ. ಸರಾಸರಿ ಪ್ಯಾಕೇಜ್ 8 ಲಕ್ಷ, ಗೇಟಿನ ಮೇಲೆ ಬ್ಯಾನರ್. ಮಧ್ಯಾಂಕ, ಅಂದರೆ ಮೀಡಿಯನ್, 4 ಲಕ್ಷ. ಹತ್ತು ಲಕ್ಷ ಸಾಲ ಮಾಡಿ ಸೇರಿಸಿದ ಮನೆಗೆ 10 ವರ್ಷದ ಅವಧಿ, 10% ಬಡ್ಡಿಯಲ್ಲಿ ತಿಂಗಳ ಕಂತು ಸುಮಾರು 13,200 ರೂಪಾಯಿ. 8 ಲಕ್ಷದ ಸಂಬಳದಲ್ಲಿ, ತಿಂಗಳಿಗೆ 66 ಸಾವಿರ ಚಿಲ್ಲರೆ, ಅದು ಹೇಗೋ ಕಟ್ಟಬಹುದು. 4 ಲಕ್ಷದಲ್ಲಿ ತಿಂಗಳಿಗೆ 33 ಸಾವಿರ, ಅದೂ ಪಿಎಫ್ ಮುರಿಯುವ ಮೊದಲು. ಕಂತಿಗೇ ಐದರಲ್ಲಿ ಎರಡು ಪಾಲು ಹೋಯ್ತು. ಉಳಿದದ್ದರಲ್ಲಿ ಬೆಂಗಳೂರಿನಲ್ಲಿ ಪೀಜಿ ಬಾಡಿಗೆ ಕಟ್ಟಿ ಊಟ ಮಾಡಬೇಕು.

ಮಧ್ಯಾಂಕ ಕೇಳಿದೆ, ಬಚಾವಾದೆ ಅಂತಲೂ ಅಂದುಕೊಳ್ಳಬೇಡಿ. ಆ 4 ಲಕ್ಷ ಕೂಡ ಕೆಲಸ ಸಿಕ್ಕ ಹತ್ತು ಜನರ ಮಧ್ಯಾಂಕ. ಇಪ್ಪತ್ತೈದೂ ಜನರನ್ನ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲೋದು 13ನೆಯವನು. ಅವನಿಗೆ ಕ್ಯಾಂಪಸ್ಸಿನಲ್ಲಿ ಕೆಲಸವೇ ಸಿಕ್ಕಿಲ್ಲ. ಅವರಲ್ಲಿ ಎಂಟೆಕ್‌ಗೆ ಹೋದವರು, ಅಪ್ಪನ ಅಂಗಡಿ ನೋಡಿಕೊಳ್ಳೋರು ಇರಬಹುದು, ಎಲ್ಲರನ್ನೂ ನಿರುದ್ಯೋಗಿ ಅನ್ನೋದು ಅನ್ಯಾಯ. ಆದರೆ ಬ್ಯಾನರಿನಲ್ಲಿ ಅವರಿಗೆ ಓಟೇ ಇಲ್ಲ. ‘ಒಟ್ಟು ಆಫರ್’ ಅನ್ನೋ ಸಂಖ್ಯೆಯಲ್ಲಂತೂ ಮೂರು ಕಂಪನಿ ಗೆದ್ದ ಒಬ್ಬಳೇ ಮೂರು ಸಲ ಎಣಿಕೆಯಾಗ್ತಾಳೆ.

ಸಿಇಟಿ ಕೌನ್ಸೆಲಿಂಗ್ ಶುರುವಾದಾಗ ಊರಿಂದ ಚಿಕ್ಕಪ್ಪನ ಮಗನೋ ಪಕ್ಕದ ಮನೆ ಹುಡುಗಿಯೋ ಫೋನ್ ಮಾಡ್ತಾರೆ, ‘ನಿಮ್ ಕಾಲೇಜ್ ಹೇಗಿದೆ, ಆವರೇಜ್ ಪ್ಯಾಕೇಜ್ ಎಷ್ಟು?’ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಕಾಲೇಜುಗಳು ಕೊಡೋ ಮಾಹಿತಿಯಲ್ಲಿ ಸೇರಿದವರೆಷ್ಟು, ಸಮಯಕ್ಕೆ ಪಾಸಾದವರೆಷ್ಟು, ಕೆಲಸ ಸಿಕ್ಕವರೆಷ್ಟು, ಉನ್ನತ ಓದಿಗೆ ಹೋದವರೆಷ್ಟು, ಮಧ್ಯಾಂಕ ಸಂಬಳ ಎಷ್ಟು ಅಂತ ಬೇರೆ ಬೇರೆ ಕಾಲಮ್ ಇರುತ್ತೆ. ಅದನ್ನ ತೆಗೆದು, ಕೆಲಸ ಸಿಕ್ಕವರನ್ನ ಸೇರಿದವರಿಂದ ಭಾಗಿಸಿ, ಆ ಸಂಖ್ಯೆ ಮೊದಲು ಹೇಳಿ. ಸಂಬಳದ ಮಾತು ಆಮೇಲೆ.