ಶೋಕಸಂತಪ್ತರಿಗೆ ಸಾಂತ್ವನ

॥ ಶ್ರೀಹರಿವಾಯುಗುರುಭ್ಯೋ ನಮಃ ॥

ಜೀವನು ನಿತ್ಯನು, ದೇಹವು ಅನಿತ್ಯವು, ಜನನಮರಣಗಳೆರಡೂ ಶ್ರೀಹರಿಯ ಅಧೀನವೆಂಬುದು ನಮ್ಮ ಮನೆಗಳಲ್ಲಿ ಮಕ್ಕಳೂ ಅರಿತ ವಿಷಯ. ಆದರೂ ಆಪ್ತರು ಅಗಲಿದಾಗ ಕಣ್ಣೀರು ನಿಲ್ಲದು. ಅಂಥವರನ್ನು ಕಂಡು, ‘ಇಷ್ಟು ಪ್ರವಚನ ಕೇಳಿಯೂ ಹೀಗೇಕೆ?’ ಎನ್ನುವವರುಂಟು. ಇದಕ್ಕೆ ಮಹಾಭಾರತದಲ್ಲಿಯೇ ಉತ್ತರವಿದೆ.

ಭಗವಂತನ ಮುಖದಿಂದಲೇ ಗೀತೆಯನ್ನು ಕೇಳಿದವನು ಅರ್ಜುನ. ಯುದ್ಧದ ಹದಿಮೂರನೆಯ ದಿನ ಅಭಿಮನ್ಯುವು ಮಡಿದಾಗ ಅವನೂ ಗೋಳಿಟ್ಟನು. ಗೀತೆಯನ್ನು ಮರೆತೆಯಾ ಎಂದು ಶ್ರೀಕೃಷ್ಣನು ಜರೆಯಲಿಲ್ಲ, ಸಂತೈಸಿದನು. ಬಳಿಕ ತಂಗಿ ಸುಭದ್ರೆಯಿದ್ದಲ್ಲಿಗೆ ತಾನೇ ಹೋಗಿ ಅವಳಿಗೂ ಸಮಾಧಾನ ಹೇಳಿದನು. ಗೀತೆಯಲ್ಲಿಯೂ ತತ್ತ್ವೋಪದೇಶವು ಆರಂಭವಾಗುವುದು ಎರಡನೆಯ ಅಧ್ಯಾಯದ 11ನೆಯ ಶ್ಲೋಕದಿಂದ. ಅಷ್ಟರೊಳಗೆ ಅರ್ಜುನನು ತನ್ನ ಅಳಲನ್ನೆಲ್ಲ ತೋಡಿಕೊಂಡು, ಶಿಷ್ಯನಾಗಿ ಶರಣುಬಂದಿದ್ದನು. ಮೊದಲು ಆಲಿಸುವುದು, ಕೇಳಿದ ಮೇಲೆ ಉಪದೇಶ, ಇದೇ ಕ್ರಮ.

ನಮ್ಮ ಹಿರಿಯರು ಈ ಕ್ರಮವನ್ನು ಆಚಾರದಲ್ಲಿಯೇ ಇರಿಸಿದ್ದಾರೆ. ಹತ್ತು ದಿನಗಳ ಆಶೌಚ, ಹನ್ನೆರಡನೆಯ ದಿನದ ಸಪಿಂಡೀಕರಣ, ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ, ವರ್ಷವಿಡೀ ಮಾಸಿಕಗಳು, ಕೊನೆಗೆ ಆಬ್ದಿಕ. ಇವು ಮೃತರ ಸದ್ಗತಿಗಾಗಿ ವಿಹಿತವಾದ ಕರ್ಮಗಳು. ಉಳಿದವರ ಮನಸ್ಸು ಸಾವಕಾಶವಾಗಿ ತಿಳಿಯಾಗಲೂ ಇವುಗಳಿಂದ ಎಡೆ ದೊರೆಯುತ್ತದೆ.

2021ರಲ್ಲಿ ಈ ಆಸರೆಯೂ ತಪ್ಪಿತು. ಆ ವರ್ಷದ ಮೇ 2 ಮತ್ತು 3ರ ನಡುವೆ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯಾದಾಗ 24 ಮಂದಿ ಅಸುನೀಗಿದ್ದನ್ನು ನಮ್ಮ ಜಿಲ್ಲೆ ಮರೆಯದು. ಆ ದಿನಗಳಲ್ಲಿ ಎಷ್ಟೋ ಮನೆಯವರಿಗೆ ಕೊನೆಯ ಬಾರಿ ಮುಖ ನೋಡುವ ಅವಕಾಶವೂ ಸಿಗಲಿಲ್ಲ; ನೆರೆಯವರು ಮಾತನಾಡಿಸಿಕೊಂಡು ಬರಲೂ ಆಗಲಿಲ್ಲ.

ಆ ಕಾಲದಲ್ಲಿ ಮಗನನ್ನು ಕಳೆದುಕೊಂಡ ವೃದ್ಧರೊಬ್ಬರನ್ನು ನಾನು ತಡವಾಗಿ ಕಂಡೆ. ಆತ್ಮದ ನಿತ್ಯತ್ವವನ್ನು ವಿಸ್ತಾರವಾಗಿ ಹೇಳತೊಡಗಿದೆ. ಅವರು ಎಲ್ಲವನ್ನೂ ಕೇಳಿ, “ಆಚಾರ್ಯರೇ, ಇದು ನನಗೂ ಗೊತ್ತು. ಆದರೆ ಅವನ ಹೆಸರನ್ನು ಈಗ ಯಾರೂ ಎತ್ತುವುದಿಲ್ಲ” ಎಂದರು. ನನಗೆ ನಾಚಿಕೆಯಾಯಿತು. ಅವನ ಬಾಲ್ಯದ ವಿಷಯ ಕೇಳಿದೆ. ಸಂಜೆಯ ದೀಪ ಹಚ್ಚುವವರೆಗೆ ಅವರು ಹೇಳುತ್ತಲೇ ಇದ್ದರು.

ಆದುದರಿಂದ ಶೋಕದ ಮನೆಗೆ ಹೋದಾಗ ಸುಮ್ಮನೆ ಕುಳಿತರೂ ಸಾಕು. ಮರಣದ ವಿವರವನ್ನು ಬಗೆದು ಕೇಳಬಾರದು. ‘ಇನ್ನೊಬ್ಬರಿಗೆ ಇದಕ್ಕಿಂತ ಹೆಚ್ಚಾಯಿತು’ ಎಂದು ಹೋಲಿಸಬಾರದು. ಊಟ ಕಳುಹಿಸುವುದು, ಮರಣ ಪ್ರಮಾಣಪತ್ರ, ಪಿಂಚಣಿಗಳ ಓಡಾಟಕ್ಕೆ ಜೊತೆಯಾಗುವುದು ದೊಡ್ಡ ಉಪಕಾರ. ಹದಿಮೂರನೆಯ ದಿನ ಕಳೆದು ನೆಂಟರೆಲ್ಲ ಹೊರಟ ಮೇಲೆಯೇ ಮನೆ ಬರಿದೆನಿಸುವುದು, ಆಗ ಹೋಗಬೇಕು. ಪತಿಯನ್ನು ಕಳೆದುಕೊಂಡ ಸೋದರಿಯನ್ನು ಪ್ರವಚನಕ್ಕೂ ಉತ್ಸವಕ್ಕೂ ನಾವಾಗಿಯೇ ಕರೆತರಬೇಕು. ವಾರಗಟ್ಟಲೆ ಅನ್ನನಿದ್ರೆಗಳಿಲ್ಲದವರನ್ನು, ಬದುಕೇ ಬೇಡವೆನ್ನುವವರನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸರ್ಕಾರದ ಉಚಿತ ದೂರವಾಣಿ 14416ರಲ್ಲಿಯೂ ಮಾನಸಿಕ ನೆರವು ದೊರೆಯುತ್ತದೆ. ಇದು ಭಕ್ತಿಯ ಕೊರತೆಯಲ್ಲ.

ಪರರ ಕಣ್ಣೀರಿನೆದುರು ತಾಳ್ಮೆಯಿಂದ ಕುಳಿತುಕೊಳ್ಳುವುದೂ ಶ್ರೀಹರಿಯ ಸೇವೆಯೆಂದು ಭಾವಿಸೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥